ಹತ್ತಿ ಇಟ್ಟ ಕಿವಿ

"ಮೂರೂವರಿ ಸಾವಿರ ಅಂದ್ರ ಮೂರೂವರಿ ಸಾವಿರನಾ? ಹೆಣ ಏನು ನಿನ್ನ ಗಾಡ್ಯಾಗ ಎ.ಸಿ. ಹಾಕು ಅಂತ ಕೇಳ್ತೈತೇನಪ್ಪಾ? ಬಿಡು ಬಿಡು, ಐನೂರು ಬಿಡು," ಎನ್ನುತ್ತ ಸಂಗಣ್ಣ ವ್ಯಾನಿನ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ. ಅರ್ಧ ಕನ್ನಡ, ಅರ್ಧ ತೆಲುಗು. ಡ್ರೈವರ್ ಏನೋ ಗೊಣಗಿ ಮೂರು ಸಾವಿರಕ್ಕೆ ಇಳಿದ.

ಸಂಗಣ್ಣ ಗಗನನ ಕಡೆ ತಿರುಗಿ ಬೆರಳು ಮಡಚಿದ. ವ್ಯಾನಿಗೆ ಮೂರು ಸಾವಿರ. ಗುಂಡಿ ತೋಡುವವರಿಗೆ ನಾಲ್ಕು. ಹಾರಗಳಿಗೆ ಎಂಟುನೂರು. ವಿಭೂತಿ, ಬಿಲ್ವಪತ್ರೆ, ಬಿಳಿ ಬಟ್ಟೆ ಎಲ್ಲ ಸೇರಿ ಒಂದೂವರೆ. ಮಠದ ಅಯ್ಯನವರಿಗೆ ಒಂದು ಸಾವಿರ.

"ಹತ್ತು ಸಾವಿರದ ಮುನ್ನೂರು. ಅರವತ್ಮೂರು ವರ್ಷ ಬಾಳಿದ ಮನುಷ್ಯಾನ್ನ ಕಳಿಸಿಕೊಡಾಕ ಇಷ್ಟ ಸಾಕು ನೋಡ್ರಿ," ಎಂದ.

ಗಗನ ಬೇಡವೆಂದರೂ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಮಾಡಿದ. ಅವನ ಹೆಡ್‌ಫೋನಿನ ವೈರಿಗೇ ಹನ್ನೊಂದು ಸಾವಿರ. ಹೆಡ್‌ಫೋನಿಗಲ್ಲ, ಬರೀ ವೈರಿಗೆ. ಹಳೆಯ ವೈರು ಚೆನ್ನಾಗಿಯೇ ಇದ್ದಾಗ ಕೊಂಡದ್ದು.

ನಾಂಪಲ್ಲಿ ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಹಂಪಯ್ಯನ ಅಂಗಡಿಯ ಶಟರ್ ಎಳೆದಿತ್ತು. ಅದರ ಹಿಂದೆಯೇ ಒಂದೂವರೆ ಕೋಣೆಯ ಮನೆ. ಒಳಗೆ ಗೋಡೆಗೆ ಒರಗಿಸಿ ಹಂಪಯ್ಯನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡು ವಾಲಿದರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಗಗನ ಚಪ್ಪಲಿ ಬಿಟ್ಟು ಹೊಸಿಲ ಬಳಿಯೇ ನಿಲ್ಲಬೇಕೆಂದಿದ್ದ. ಹಂಪಯ್ಯನ ಹೆಂಡತಿ ಗದಿಗೆಮ್ಮ ನೋಡಿಬಿಟ್ಟಳು.

"ಬಂದ್ರೇನ್ರೀ ತಮ್ಮಾ... ನೋಡ್ರಿ ನಿಮ್ಮ ತಾತ ಹೆಂಗ ಕುಂತಾನ," ಎಂದು ಅತ್ತಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಪಕ್ಕದ ಹೆಂಗಸರಿಗೆ ಹೇಳಿದಳು: "ಇವ್ರ ನೋಡ್ರಿ ಗಗನಪ್ಪನೋರು. ನಮ್ಮವ್ರನ್ನ ಮಾಧಾಪುರದ ದೊಡ್ಡ ಹೋಟೆಲಿಗಿ ಕರ್ಕೊಂಡು ಹೋಗಿದ್ರಲ್ಲ, ಅವ್ರು. ಏ ಭಾಗ್ಯಶ್ರೀ, ಅವ್ರಿಗಿ ಕುರ್ಚಿ ಹಾಕವಾ."

ಮನೆಯಲ್ಲಿ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕುಳಿತಿದ್ದ ಮುದುಕರೊಬ್ಬರನ್ನು ಎಬ್ಬಿಸಿ ಮಗಳು ಭಾಗ್ಯಶ್ರೀ ಅದನ್ನು ಗಗನನ ಮುಂದಿಟ್ಟಳು. ಬೇಡ ಎಂದರೆ ಮಾತು ಬೆಳೆಯುತ್ತದೆ. ಅವನು ಕುಳಿತ. ಎದುರಿಗೇ ಹಂಪಯ್ಯ.

ಇಪ್ಪತ್ತಾರು ದಿನಗಳಿಂದ ಗಗನ ಈ ಗಲ್ಲಿಗೆ ಬಂದಿರಲಿಲ್ಲ. ಹಂಪಯ್ಯ ಎರಡು ಸಲ ಫೋನ್ ಮಾಡಿದ್ದರು, ಎತ್ತಿರಲಿಲ್ಲ. ಆ ದಿನ ತಾನು ಆಡಿದ ಮಾತು ಅವರಿಗೆ ಕೇಳಿಸಿತ್ತೋ ಇಲ್ಲವೋ? ಇಪ್ಪತ್ತಾರು ದಿನವೂ ಅವನು ತನ್ನನ್ನು ಕೇಳಿಕೊಂಡದ್ದು ಇದೊಂದನ್ನೇ. ಇಲ್ಲ, ಕೇಳಿಸಿರಲಿಕ್ಕಿಲ್ಲ ಎಂದು ಪ್ರತಿಸಲವೂ ಉತ್ತರ ಹೇಳಿಕೊಂಡಿದ್ದ.

*

ಎರಡು ವರ್ಷದ ಹಿಂದೆ ಗಗನ ಒಂದು ಜೊತೆ ಹಳೆಯ ಸ್ಪೀಕರ್ ಕೊಂಡು ಮೋಸಹೋಗಿದ್ದ. ಒಳಗಿನ ಸ್ಪಂಜು ಪುಡಿಪುಡಿಯಾಗಿತ್ತು. ಮಿಯಾಪುರದಿಂದ ಅದನ್ನು ಆಟೋದಲ್ಲಿ ಹೊತ್ತು ತಂದು ಅಂಗಡಿ ಅಂಗಡಿ ಅಲೆಯುತ್ತಿದ್ದಾಗ, ಒಂದು ಮೂಲೆಯಿಂದ ಅಪ್ಪಟ ಕನ್ನಡದ ಬೈಗುಳ ಕೇಳಿಸಿತು. ಯಾರೋ ಸುತ್ತಿದ್ದ ತಂತಿ ತುಂಡಾಗಿತ್ತು.

"ನೀವು ಕನ್ನಡದವರಾ?"

"ಬೈಯಾಕ ಕನ್ನಡ, ಗಿರಾಕಿಗಿ ಹಿಂದಿ, ಪೊಲೀಸಿಗಿ ತೆಲುಗು. ಯಾವೂರು ನಿಮ್ದು? ಮೈಸೂರಾ? ಅದಕ್ಕ, ಮಾತು ಬೆಣ್ಣಿ ಹಚ್ಚಿದಂಗ ಜಾರಾಕತ್ತೈತಿ."

ಹಂಪಯ್ಯ ಲಿಂಗಸೂಗೂರಿನ ಕಡೆಯ ಜಂಗಮ. ಮದುವೆ ಮನೆಗಳಿಗೆ ಮೈಕು ಕಟ್ಟುವವರ ಜೊತೆ ಹೈದರಾಬಾದಿಗೆ ಬಂದು, ಸುಟ್ಟ ಸ್ಪೀಕರುಗಳಿಗೆ ಹೊಸ ತಂತಿ ಸುತ್ತುವುದನ್ನು ಕಲಿತು, ಮೂವತ್ತೈದು ವರ್ಷ ಅದನ್ನೇ ಮಾಡಿದವರು. ಆ ಸೀಮೆಯಲ್ಲಿ ಹಿರಿಯ ಜಂಗಮರನ್ನು ತಾತ ಎನ್ನುವುದು ರೂಢಿ. ಗಗನನೂ ತಾತ ಎಂದ. ಸ್ಪೀಕರ್ ಸರಿಹೋಯಿತು. ಆಮೇಲೆ ಶನಿವಾರ ಶನಿವಾರ ಬರುವುದು ಅಭ್ಯಾಸವಾಯಿತು.

ಅವರು ಕೆಲಸ ಮಾಡುವ ರೀತಿಯೇ ಬೇರೆ. ರಿಪೇರಿ ಮುಗಿದ ಮೇಲೆ ಸ್ಕ್ರೂಡ್ರೈವರಿನ ತುದಿಯನ್ನು ಸ್ಪೀಕರಿನ ಕಬ್ಬಿಣಕ್ಕೆ ಒತ್ತಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚುತ್ತಿದ್ದರು. ಒಳಗೆ ಸುರುಳಿ ಎಲ್ಲಾದರೂ ಕೂದಲೆಳೆಯಷ್ಟು ತಿಕ್ಕಿದರೂ ಗೊತ್ತಾಗುತ್ತಿತ್ತು.

"ಕಿವಿ ಸುಳ್ಳು ಹೇಳ್ತಾವ. ಹಲ್ಲು ಹೇಳಂಗಿಲ್ಲ."

ಒಮ್ಮೆ ಗಗನ ಹನ್ನೊಂದು ಸಾವಿರದ ಆ ವೈರನ್ನು ಹೆಮ್ಮೆಯಿಂದ ತೋರಿಸಿದ. ಹಂಪಯ್ಯ ಎಳೆದು, ಬಗ್ಗಿಸಿ, ಬೆಸುಗೆ ನೋಡಿ, "ವೈರ್ ಭಾಳ ಚೊಲೋ ಐತಿ. ನಮ್ಮ ಮನ್ಯಾಕಿ ಸೀರಿ ಒಣಹಾಕಾಕ ಬರ್ತೈತಿ," ಎಂದರು. ಪಕ್ಕದ ರೇಡಿಯೋ ಅಂಗಡಿಯ ಸಂಗಣ್ಣ ಒಂದು ವಾರ ಆ ಮಾತನ್ನು ಗಲ್ಲಿಯೆಲ್ಲ ಹೇಳಿಕೊಂಡು ನಕ್ಕ.

ಇನ್ನೊಂದು ಶನಿವಾರ, ಯಾರೂ ಇಲ್ಲದಾಗ, ತಗ್ಗಿದ ದನಿಯಲ್ಲಿ ಹೇಳಿದ್ದರು: "ನನಗ ಒಂದು ಕಿವಿ ಹೋಗೈತಿ ತಮ್ಮಾ. ಮದುವಿ ಮೈಕಿನ ಮುಂದ ನಿಂತೂ ನಿಂತೂ ಹೋತು. ಯಾರಿಗೂ ಹೇಳಬ್ಯಾಡ. ಕಿವುಡನ ಹತ್ರ ಸ್ಪೀಕರ್ ಯಾರು ಕೊಡ್ತಾರ?"

ಯಾವ ಕಿವಿ ಎಂದು ಗಗನ ಕೇಳಲಿಲ್ಲ. ಕೇಳುವುದೇನಿತ್ತು? ಹಂಪಯ್ಯನ ಬಲಗಿವಿಯಲ್ಲಿ ಯಾವಾಗಲೂ ಒಂದು ಹತ್ತಿಯ ಉಂಡೆ ಇರುತ್ತಿತ್ತು.

*

ಹೆಡ್‌ಫೋನುಗಳ ಪ್ರದರ್ಶನ ಇದೆ, ಬನ್ನಿ ತಾತ ಎಂದು ಕರೆದವನು ಗಗನನೇ. ಅಮೀರ್‌ಪೇಟ್‌ನಲ್ಲಿ ಮೆಟ್ರೋ ಬದಲಿಸುವವರೆಗೂ ಅವನಿಗೆ ಸಂಭ್ರಮವೇ ಇತ್ತು. ಹಂಪಯ್ಯ ಇಸ್ತ್ರಿಯ ಬಿಳಿ ಶರ್ಟು ಹಾಕಿದ್ದರು, ವಿಭೂತಿ ಹಚ್ಚಿದ್ದರು. ದಾರಿಯುದ್ದಕ್ಕೂ, "ನನ್ನಂಥವ್ರನ್ನ ಒಳಗ ಬಿಡ್ತಾರೇನು?" ಎಂದು ಮೂರು ಸಲ ಕೇಳಿದರು. "ನೀವು ನನ್ನ ಜೊತೆ ಬರ್ತಿದೀರ ತಾತ, ಯಾರು ಕೇಳ್ತಾರೆ?" ಎಂದ ಗಗನ.

ಹೋಟೆಲಿನ ಗಾಜಿನ ಬಾಗಿಲು ದಾಟಿದ ಮೇಲೆ ಸಂಭ್ರಮ ಒಂದು ಗುಂಜಿ ಇಳಿಯಿತು. ನುಣ್ಣನೆಯ ನೆಲದಲ್ಲಿ ಹಂಪಯ್ಯನ ಚಪ್ಪಲಿ ಸದ್ದು ಮಾಡುತ್ತಿತ್ತು. ಎರಡನೇ ಮಹಡಿಯ ಹಾಲಿನಲ್ಲಿ ಮೇಜು ಮೇಜಿಗೂ ನಾಲ್ಕೈದು ಹುಡುಗರು ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು. ಅಲ್ಲಿ ರವಿಶಂಕರ್ ಸಿಕ್ಕಿದ. ಗಗನನ ಮ್ಯಾನೇಜರ್, ಬೆಂಗಳೂರಿನವನು, ಇಂಥ ಹೆಡ್‌ಫೋನು ಐದು ಇಟ್ಟುಕೊಂಡವನು. ಅವನ ಬಾಯಿಂದ ಒಂದು ಹೊಗಳಿಕೆ ಸಿಕ್ಕರೆ ಗಗನ ಒಂದು ವಾರ ಅದರಲ್ಲೇ ಬದುಕುತ್ತಿದ್ದ.

"ಈ ಮೂರನ್ನೂ ಕೇಳು ಗಗನ. ಎಂಬತ್ತು ಸಾವಿರ, ಒಂದು ಲಕ್ಷ ಅರವತ್ತು, ಎರಡು ಲಕ್ಷ ನಲವತ್ತು. ಈ ಕೊನೇದರ ಮುಂದೆ ಉಳಿದವು ಆಟದ ಸಾಮಾನು," ಎಂದ ರವಿಶಂಕರ್. ಗಗನ ಕೇಳಿದ. ಮೂರಕ್ಕೂ ಹೆಚ್ಚು ವ್ಯತ್ಯಾಸ ಗೊತ್ತಾಗಲಿಲ್ಲ. "ಹೌದು ಸಾರ್, ಎಲ್ಲಿಯದು ಎಲ್ಲಿ!" ಎಂದ. ಜೊತೆಯಲ್ಲಿ ಬಂದವರನ್ನು ಪರಿಚಯಿಸಲು ಅದೇ ಸರಿಯಾದ ಹೊತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಹಂಪಯ್ಯ ತಾವೇ ಮೇಜಿಗೆ ಬಂದು ಎಂಬತ್ತು ಸಾವಿರದ್ದನ್ನು ಹಾಕಿಕೊಂಡಿದ್ದರು. ಸ್ವಲ್ಪ ಹೊತ್ತು ಕೇಳಿ, ತೆಗೆದು, ಎಡಬಲ ಅದಲುಬದಲು ಮಾಡಿ ಮತ್ತೆ ಹಾಕಿಕೊಂಡರು. ಹುಡುಗರು ಮುಸಿಮುಸಿ ನಕ್ಕರು. ಎರಡು ಲಕ್ಷ ನಲವತ್ತು ಸಾವಿರದ್ದನ್ನೂ ಹಾಗೆಯೇ ಮಾಡಿದರು. ಹುಬ್ಬು ಗಂಟಿಕ್ಕಿತು. "ಇದ್ರಾಗ ಏನೋ ತಿಕ್ಕಾಕತ್ತೈತಿ," ಎಂದು ತಮ್ಮಷ್ಟಕ್ಕೆ ಗೊಣಗಿ, ಹೆಡ್‌ಫೋನಿನ ಉಕ್ಕಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು.

ಮಳಿಗೆಯವನು, "ಏ! ಏ! ಕ್ಯಾ ಕರ್ ರಹೇ ಹೋ?" ಎಂದು ಓಡಿ ಬಂದ. ಇವರು ಯಾರ ಜೊತೆ ಬಂದವರು ಎಂದು ಸುತ್ತ ನೋಡಿದ.

ರವಿಶಂಕರ್ ಗಗನನನ್ನು ನೋಡಿದ. "ಅವರು ಕನ್ನಡದಲ್ಲಿ ಏನೋ ಅಂದ್ರಲ್ಲ? ನಿನಗೆ ಗೊತ್ತಾ?"

"ಗೊತ್ತಿಲ್ಲ ಸಾರ್," ಎಂದ ಗಗನ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. "ನಾಂಪಲ್ಲಿ ಕಡೆ ಸ್ಪೀಕರ್ ರಿಪೇರಿ ಮಾಡೋನು ಅನ್ಸುತ್ತೆ. ಇಂಥವನನ್ನೆಲ್ಲ ಒಳಗೆ ಯಾಕೆ ಬಿಡ್ತಾರೋ."

ಹಂಪಯ್ಯ ಒಂದು ಮಾರು ದೂರದಲ್ಲಿ ಬಲ ಮಗ್ಗುಲು ಇತ್ತ ಮಾಡಿ ನಿಂತಿದ್ದರು. ಆ ಇಡೀ ಹಾಲಿನಲ್ಲಿ ಆ ಮಾತು ಅರ್ಥವಾಗುವಂಥವರು ಮೂವರೇ.

ಅವರು ತಿರುಗಿ ನೋಡಲಿಲ್ಲ. ಪಟ್ಟಿಯನ್ನು ಶರ್ಟಿನ ಅಂಚಿನಿಂದ ಒರೆಸಿ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಮಾಫ್ ಕರೋ ಬೇಟಾ," ಎಂದು ಮಳಿಗೆಯವನಿಗೆ ಕೈಮುಗಿದು, ಲಿಫ್ಟಿನ ದಾರಿ ತಿಳಿಯದೆ ಮೆಟ್ಟಿಲಿನ ಕಡೆಗೆ ಹೋದರು.

ಹಿಂದೆ ಓಡಬಹುದಿತ್ತು. ಗಗನ ಓಡಲಿಲ್ಲ. ಸಂಜೆಯವರೆಗೂ ಅಲ್ಲೇ ಇದ್ದು ಇನ್ನೂ ಒಂಬತ್ತು ಹೆಡ್‌ಫೋನು ಕೇಳಿದ. ಯಾವುದು ಹೇಗಿತ್ತೆಂದು ಈಗ ಒಂದೂ ನೆನಪಿಲ್ಲ.

*

ಮಠದ ಅಯ್ಯನವರು ಹನ್ನೊಂದಕ್ಕೆ ಬಂದರು. ಕೊನೆಯ ಪೂಜೆ ಮುಗಿಸಿ, ಸತ್ತವನ ಕಿವಿಯಲ್ಲಿ ಮಂತ್ರ ಹೇಳಬೇಕು. ಬಲಗಡೆ ಗೋಡೆಗೆ ಒತ್ತಿಕೊಂಡಂತೆ ಅಕ್ಕಿಮೂಟೆ, ಹಾರದ ಬುಟ್ಟಿ, ಹೆಂಗಸರು. ಅಯ್ಯನವರಿಗೆ ಮಂಡಿನೋವು ಬೇರೆ. ಅವರು ಎಡಗಡೆಯೇ ಬಗ್ಗಿದರು.

"ಅಯ್ಯಾರ, ಆ ಕಿವಿ ಬ್ಯಾಡ್ರಿ!" ಎಂದಳು ಗದಿಗೆಮ್ಮ.

"ಗೊತ್ತೈತಿ ತಾಯಿ, ಬಲಗಿವ್ಯಾಗನ ಹೇಳಬೇಕು. ಈ ಸಂದ್ಯಾಗ ಹೆಂಗ ಹೋಗ್ಲಿ?"

"ಶಾಸ್ತ್ರಕ್ಕಲ್ರೀ. ಆ ಎಡಗಿವಿ ಕೇಳಂಗಿಲ್ಲ. ಹೋಗಿ ಹದಿನೈದು ವರ್ಷ ಆತು. ಯಾರ ಮುಂದೂ ಹೇಳಬ್ಯಾಡ ಅಂದಿದ್ರು, ಈಗೇನು ಮುಚ್ಚೋದು. ಬಲಗಿವಿ ಮಾತ್ರ ಚೊಲೋ ಇತ್ತು. ಅದೂ ಹೋದೀತು ಅಂತ ಗದ್ದಲದಾಗ ಕುಂತಾಗೆಲ್ಲ ಹತ್ತಿ ಇಟ್ಕೊಳ್ಳೋರು. ಅದ್ರಾಗ ಹೇಳ್ರಿ, ಅವ್ರಿಗಿ ಕೇಳಬೇಕು."

ಹೆಂಗಸರು ಸರಿದರು. ಮೂಟೆ ಎಳೆದರು. ಅಯ್ಯನವರು ಕಷ್ಟಪಟ್ಟು ಬಲಕ್ಕೆ ಹೋಗಿ ಬಗ್ಗಿದರು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಗಗನ ಆ ಕಿವಿಯನ್ನೇ ನೋಡುತ್ತಿದ್ದ. ಈಗ ಅದರಲ್ಲಿ ಹತ್ತಿ ಇರಲಿಲ್ಲ. ಹೋಟೆಲಿಗೆ ಬಂದ ದಿನವೂ ಇರಲಿಲ್ಲ. ಒಳ್ಳೆಯ ಹಾಡು ಕೇಳಲು ಹೋಗುತ್ತಿದ್ದೇನೆಂದು ಮನೆಯಲ್ಲೇ ತೆಗೆದಿಟ್ಟು ಬಂದಿರಬೇಕು. ಎಡಬಲ ಅದಲುಬದಲು ಮಾಡಿ ಹಾಕಿಕೊಂಡದ್ದೂ ಅದಕ್ಕೇ, ಎರಡೂ ಕಡೆಯದನ್ನು ಇರುವ ಒಂದು ಕಿವಿಯಲ್ಲಿ ಕೇಳಲು.

ಕೇಳಿಸಿತ್ತು. ಒಂದಕ್ಷರ ಬಿಡದೆ ಕೇಳಿಸಿತ್ತು.

*

ಊರಾಚೆಯ ರುದ್ರಭೂಮಿಯಲ್ಲಿ ಗುಂಡಿ ಇನ್ನೂ ಅರ್ಧ ಮೊಳ ಬಾಕಿಯಿತ್ತು. ಬಂದ ಮೂವತ್ತು ಜನ ಬೇವಿನ ಮರದ ನೆರಳಿನಲ್ಲಿ ನಿಂತರು. ಗದಿಗೆಮ್ಮ ಗಗನನ ಬಳಿ ಬಂದಳು.

"ತಮ್ಮಾ, ಮಣ್ಣು ಕೊಟ್ಟ ಮ್ಯಾಲ ಯಾರರ ಒಬ್ರು ಅವ್ರ ಬಗ್ಗೆ ಎರಡು ಮಾತು ಆಡೋದು ನಮ್ಮ ಮನಿ ಪದ್ಧತಿ. ನೀವ ಆಡ್ರಿ. ಆ ಹೋಟೆಲಿಂದು ಹೇಳ್ರಿ. ಮನಿಗಿ ಬಂದು ಎಷ್ಟು ಖುಷೀಲಿ ಹೇಳಿದ್ರಂತೀರಿ! ಕುರ್ಚಿ ಹಾಕಿ ಕುಂದ್ರಿಸಿದ್ರಂತ. ಕಾಫಿ ಕೊಟ್ರಂತ. ಯಾವುದು ಚೊಲೋ ಐತಿ ಹೇಳ್ರಿ ಅಂತ ಇವ್ರನ್ನ ಕೇಳಿದ್ರಂತ. ನೀವು ಎಲ್ಲಾರ ಮುಂದ, 'ಇವ್ರು ನಮ್ಮ ಗುರುಗಳು' ಅಂದ್ರಂತ. ಮೂವತ್ತೈದು ವರ್ಷದಾಗ ಅವ್ರಿಗಿ ಯಾರೂ ಹಂಗ ಅಂದಿಲ್ಲ ತಮ್ಮಾ."

ಗಗನ ತಲೆಯಾಡಿಸಿದ. ಅವಳು ಹೋದ ಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಸಂಗಣ್ಣನ ಬಳಿ ಹೋದ. ಎಲ್ಲವನ್ನೂ ಹೇಳಿದ. ಕಡಿಮೆ ಮಾಡಲಿಲ್ಲ. 'ಇಂಥವನನ್ನೆಲ್ಲ' ಎಂಬ ಮಾತನ್ನೂ ಹೇಳಿದ.

ಸಂಗಣ್ಣ ನಲ್ಲಿ ನಿಲ್ಲಿಸಿದ. "ಚಪ್ಪಲಿಲೇ ಹೊಡೀಬೇಕು ನಿನ್ನ," ಎಂದ. ಅಲ್ಲಿಯವರೆಗೆ ಬಹುವಚನದಲ್ಲೇ ಮಾತಾಡುತ್ತಿದ್ದವನು.

"ಹೊಡೀರಿ. ಆದ್ರೆ ಅಮ್ಮನ ಹತ್ರ ಇದನ್ನ ಹೇಳ್ಬಿಡ್ತೀನಿ. ಆ ಸುಳ್ಳನ್ನ ನನ್ನ ಬಾಯಲ್ಲಿ ಹೇಳಕ್ಕಾಗಲ್ಲ ಸಂಗಣ್ಣ."

"ಹೇಳ್ತಿ. ಹೇಳಿ ಹಗುರಾಗಿ ಮೆಟ್ರೋ ಹತ್ತಿ ಮಿಯಾಪುರಕ್ಕ ಹೋಗ್ತಿ. ಆಕಿ ಅದನ್ನ ಹೊತ್ಕೊಂಡು ಎಲ್ಲಿಗಿ ಹೋಗಬೇಕು? ಗಂಡ ಸತ್ತ ದಿನ ಗಂಡ ಸುಳ್ಳುಗಾರ ಅಂತ ಗೊತ್ತಾಗಬೇಕೇನು?" ಸಂಗಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. "ಹೆಂಡ್ತಿ ಮುಂದ ತನ್ನ ಮರ್ಯಾದಿ ಉಳಿಸ್ಕೊಳ್ಳಾಕ ಅಂವ ಒಂದು ಸುಳ್ಳು ಹೇಳ್ಯಾನ. ಅದ್ರಾಗ ನಿನ್ನ ಮರ್ಯಾದಿನೂ ಉಳಿಸ್ಯಾನ. ಬೈದಿದ್ರ ಬೈಸ್ಕೊಂಡು ಹೋಗಬಹುದಿತ್ತು. ಬೈಲಿಲ್ಲ. ಈಗ ಆ ಸುಳ್ಳು ಕಾಯೋದು ನಿನ್ನ ಕೆಲಸ. ಹೋಗು, ಹೇಳು."

"ನೀವೂ ಅಲ್ಲೇ ಇರ್ತೀರಲ್ಲ?"

"ಇರ್ತೀನಿ. ನಿನ್ನ ಮಾರಿ ಮಾತ್ರ ನೋಡಂಗಿಲ್ಲ."

ಹಂಪಯ್ಯನನ್ನು ಗುಂಡಿಯ ಗೂಡಿನಲ್ಲಿ ಕೂರಿಸಿದರು. ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ, ವಿಭೂತಿ ತುಂಬಿದರು. ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಗಗನನ ಸರದಿ ಬಂದಾಗ ಎರಡನೇ ಹಿಡಿಯ ಮಣ್ಣು ಅವನ ಪಾದದ ಮೇಲೆಯೇ ಬಿತ್ತು.

ಆಮೇಲೆ ಅವನು ಮಾತಾಡಿದ. ನೆಲ ನೋಡುತ್ತ ಮಾತಾಡಿದ. ದೊಡ್ಡ ಹೋಟೆಲು. ತುಂಬ ಜನ. ತಾತನಿಗೆ ಕುರ್ಚಿ ಹಾಕಿದರು. ಕಾಫಿ ಕೊಟ್ಟರು. ಯಾವುದು ಒಳ್ಳೆಯದೆಂದು ಕೇಳಿದರು. "ನಾನು... ಇವರು ನಮ್ಮ..." ಎಂದು ಎರಡು ಸಲ ಶುರುಮಾಡಿ, ಮೂರನೇ ಸಲ "ಗುರುಗಳು ಅಂದೆ" ಎಂದು ಮುಗಿಸಿದ. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಜನ ಆ ತೊದಲನ್ನು ದುಃಖವೆಂದುಕೊಂಡರು. ಮುದುಕರೊಬ್ಬರು ಬೆನ್ನು ಸವರಿದರು.

*

ಮನೆಗೆ ಬಂದು ಮೈ ತೊಳೆದುಕೊಳ್ಳುವ ಹೊತ್ತಿಗೆ ಲಿಂಗಸೂಗೂರಿನ ನೆಂಟರು ಬಂದಿಳಿದರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ, ಮಣ್ಣು ತಪ್ಪಿಹೋಗಿತ್ತು. ಹಂಪಯ್ಯನ ಅಕ್ಕ ಪಾರ್ವತೆಮ್ಮ ಹೊಸಿಲಲ್ಲೇ ಕುಸಿದು ಕುಳಿತು ಎದೆ ಬಡಿದುಕೊಂಡಳು.

"ಹೋಗಿ ಹೋಗಿ ಈ ಪರದೇಶದಾಗ ಸತ್ತೆಲ್ಲೋ! ನಿನ್ನ ಯಾರು ಕೇಳೋರಿದ್ರೋ ಇಲ್ಲಿ!"

"ಕೇಳೋರಿದ್ರವಾ, ಇದ್ರು," ಎಂದಳು ಗದಿಗೆಮ್ಮ. ಅವಳ ದನಿಯಲ್ಲಿ ಬೆಳಿಗ್ಗೆ ಇಲ್ಲದ ಒಂದು ಬಲವಿತ್ತು. "ಎಂಥೆಂಥವ್ರು ಮಾನ ಕೊಟ್ಟಾರ ನಿನ್ನ ತಮ್ಮಗ. ತಮ್ಮಾ, ಗಗನಪ್ಪಾ, ಇವ್ರಿಗೂ ಒಮ್ಮಿ ಹೇಳ್ರಿ."

ಎಂಟು ಮಂದಿ ಅವನ ಸುತ್ತ ಕುಳಿತರು. ಪಾರ್ವತೆಮ್ಮ ಅಳು ನುಂಗಿ ಅವನ ಬಾಯಿಯನ್ನೇ ನೋಡಿದಳು.

ಗಗನ ಹೇಳತೊಡಗಿದ. ಈ ಸಲ ಹೋಟೆಲಿನ ಗಾಜಿನ ಬಾಗಿಲು ಬಂತು. ಬಾಗಿಲು ತೆಗೆದವನು ಸಲಾಮು ಹೊಡೆದದ್ದು ಬಂತು. ತಾತನಿಗೆ ಕುರ್ಚಿ ಹಾಕಿದರು ಎಂದ. ಮಧ್ಯಾಹ್ನ ಆ ಮಾತನ್ನು ನೆಲ ನೋಡುತ್ತ ಹೇಳಿದ್ದ. ಈಗ ಅವರ ಮುಖ ನೋಡಿಯೇ ಹೇಳಿದ.

"ಮೆತ್ತಂದು ಕುರ್ಚೇನ್ರಿ?" ಎಂದಳು ಪಾರ್ವತೆಮ್ಮ.

"ಹೌದಮ್ಮ, ಸೋಫಾ. ಕಂಪನಿಯ ದೊಡ್ಡವರು ಎದ್ದು ಬಂದು ಕೈ ಕುಲುಕಿದ್ರು. ತಾತ ಮೂರನ್ನೂ ಕೇಳಿ, 'ಎಂಬತ್ತು ಸಾವಿರದ್ದೇ ಚೆನ್ನಾಗಿದೆ, ಈ ದೊಡ್ಡದರಲ್ಲಿ ಏನೋ ತಿಕ್ತಿದೆ' ಅಂದ್ರು. ಎಲ್ಲಾ ಬೆರಗಾಗಿ ನೋಡಿದ್ರು. ನಾನು, 'ಇವರು ನಮ್ಮ ಗುರುಗಳು' ಅಂದೆ."

"ಎವ್ವಾ!" ಎಂದು ಪಾರ್ವತೆಮ್ಮ ಬಾಯಿಗೆ ಸೆರಗು ಹಿಡಿದಳು. ಗದಿಗೆಮ್ಮ ನೆಂಟರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಬಾಗಿಲ ಬಳಿ ಕುಳಿತಿದ್ದ ಸಂಗಣ್ಣ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದ. ಗಗನ ಅದನ್ನು ನೋಡಿದ.

"ಆಮ್ಯಾಲ?" ಎಂದಳು ಪಾರ್ವತೆಮ್ಮ.

"ಆಮೇಲೆ ಕಾಫಿ ಕೊಟ್ರಮ್ಮ," ಎಂದ ಗಗನ. "ಬೆಳ್ಳಿ ಲೋಟದಲ್ಲಿ."